ಮಗುವಿಗೆ ಮಾತು ಬರಲು ಮನೆಯಲ್ಲೇ ಏನು ಮಾಡಬಹುದು: ಹಂತ ಹಂತವಾಗಿ

ನನ್ನ ಮಗನಿಗೆ 22 ತಿಂಗಳಾದಾಗ ಬಾಯಲ್ಲಿ ಇದ್ದದ್ದು ಐದೇ ಪದ. ಅಮ್ಮ, ಅಪ್ಪ, ಟಾಟಾ, ಬೌ, ಮಮ್ಮು. ಉಳಿದದ್ದಕ್ಕೆಲ್ಲ ಕೈ ಹಿಡಿದು ಎಳೆಯುತ್ತಿದ್ದ, ಇಲ್ಲವೇ ಅಳುತ್ತಿದ್ದ. ಮನೆಯಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಸಮಾಧಾನ ಇತ್ತು. "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂದರು ಅತ್ತೆ. "ಗಂಡು ಮಕ್ಕಳಿಗೆ ಸ್ವಲ್ಪ ತಡಾನೇ" ಅಂದಳು ಪಕ್ಕದ ಮನೆಯಾಕೆ.

ಕೊನೆಗೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಅವರು ಮಗನಿಗಿಂತ ಮೊದಲು ನನ್ನನ್ನು ಗಮನಿಸಿದರು. ಹತ್ತು ನಿಮಿಷ ಅವನ ಜೊತೆ ಆಟ ಆಡಿ ಎಂದು ಹೇಳಿ, ನನ್ನದೇ ಫೋನಿನಲ್ಲಿ ವಿಡಿಯೋ ಮಾಡಿ ಕೊಟ್ಟರು. ರಾತ್ರಿ ಕೂತು ನೋಡಿದೆ. "ಇದೇನು? ಕಾರು. ಕಾರು ಅನ್ನು. ಯಾವ ಬಣ್ಣ? ಕೆಂಪಾ? ಕೆಂಪು ಅನ್ನು ನೋಡೋಣ. ಎಷ್ಟು ಚಕ್ರ ಇದೆ?" ಒಂದೇ ಸಮ ನನ್ನದೇ ಮಾತು. ಹತ್ತು ನಿಮಿಷದಲ್ಲಿ ಅವನು ಎರಡು ಸಲ ಬಾಯಿ ತೆರೆದಿದ್ದ. ಎರಡು ಸಲವೂ ನನ್ನ ಮುಂದಿನ ಪ್ರಶ್ನೆ ಬಂದು ಅವನ ಬಾಯಿ ಮುಚ್ಚಿಸಿತ್ತು.

ನಾನು ಜಾಸ್ತಿ ಮಾತಾಡಿದ್ದರಿಂದಲೇ ಅವನಿಗೆ ತಡವಾಯಿತು ಅಂತ ಥೆರಪಿಸ್ಟ್ ಹೇಳಲಿಲ್ಲ. ಅದು ನಿಜವೂ ಅಲ್ಲ. ಆದರೆ ಅವನ ಮಾತಿಗೆ ಮನೆಯಲ್ಲಿ ಜಾಗವೇ ಇರಲಿಲ್ಲ ಅನ್ನೋದು ಮಾತ್ರ ನಿಜ. ಆ ಜಾಗ ಹೇಗೆ ಮಾಡಿಕೊಡುವುದು ಅಂತ ಮುಂದಿನ ಒಂದು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ದುಬಾರಿ ಆಟಿಕೆ ಬೇಡ, ಫ್ಲಾಶ್‌ಕಾರ್ಡ್ ಬೇಡ. ದೋಸೆಕಾವಲಿ, ಒಗೆದ ಬಟ್ಟೆಯ ರಾಶಿ, ಎರಡು ಸ್ಟೀಲ್ ಡಬ್ಬಿ ಇದ್ದರೆ ಸಾಕು.

ಎಲ್ಲಕ್ಕಿಂತ ಮೊದಲು ಕಿವಿ

ಮಾತು ತಡ ಅನ್ನಿಸಿದರೆ ಮೊದಲು ಮಾಡಿಸಬೇಕಾದದ್ದು ಶ್ರವಣ ಪರೀಕ್ಷೆ. "ಪಾತ್ರೆ ಬಿದ್ದರೆ ತಿರುಗಿ ನೋಡ್ತಾನಲ್ಲ, ಕಿವಿ ಚೆನ್ನಾಗೇ ಇದೆ" ಅನ್ನುವುದು ನಮ್ಮೆಲ್ಲರ ಮನೆಯ ವಾದ. ಆದರೆ ಪಾತ್ರೆಯ ಸದ್ದು ಕೇಳುವ ಮಗುವಿಗೂ ಸ, ಶ, ತ ಮುಂತಾದ ಮೆಲ್ಲನೆಯ ಅಕ್ಷರಗಳು ಕೇಳದೇ ಇರಬಹುದು. ನೆಗಡಿ ಪದೇ ಪದೇ ಬರುವ ಮಕ್ಕಳ ಕಿವಿಯ ಒಳಗೆ ನೀರು ನಿಲ್ಲಬಹುದು. ಆಗ ಅವರಿಗೆ ಮಾತು ನೀರಿನೊಳಗಿಂದ ಬಂದ ಹಾಗೆ ಕೇಳಿಸುತ್ತದೆ.

ಪರೀಕ್ಷೆಯಲ್ಲಿ ನೋವಿಲ್ಲ. ಓಎಇ ಅನ್ನುವುದಕ್ಕೆ ಕಿವಿಯಲ್ಲಿ ಒಂದು ಪುಟ್ಟ ಬಿರಡೆಯಂಥದ್ದನ್ನು ಇಡುತ್ತಾರೆ, ಕೆಲವೇ ನಿಮಿಷದ ಕೆಲಸ. ಬೇರಾ ಅಂದರೆ ಸದ್ದಿಗೆ ಮೆದುಳು ಹೇಗೆ ಸ್ಪಂದಿಸುತ್ತದೆ ಅಂತ ನೋಡುವ ಪರೀಕ್ಷೆ, ಅದಕ್ಕೆ ಮಗು ಮಲಗಿರಬೇಕು. ಹಾಗಾಗಿ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ ಕರೆತನ್ನಿ ಅನ್ನುತ್ತಾರೆ. ಆ ದಿನ ಬಸ್ಸಿನಲ್ಲಿ ಮಗುವನ್ನು ನಿದ್ದೆ ಹೋಗದಂತೆ ಇಟ್ಟುಕೊಳ್ಳುವುದೇ ದೊಡ್ಡ ಪರೀಕ್ಷೆ, ಹೇಳಿಬಿಡುತ್ತೇನೆ. ಹೊಸದಾಗಿ ಹುಟ್ಟಿದ ಮಗುವಿಗಾದರೆ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ತೊಂದರೆ ಇದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರು. ಜಗತ್ತಿನ ಬಹಳ ಕಡೆ ತಜ್ಞರು ಪಾಲಿಸುವ ಲೆಕ್ಕ ಇದು.

ವಯಸ್ಸಿನ ಲೆಕ್ಕ

ಆರೇಳು ತಿಂಗಳಿಗೆ ಬಬಬ, ದದದ. ಒಂದು ವರ್ಷದ ಹೊತ್ತಿಗೆ ಒಂದೆರಡು ಪದ. ಒಂದೂವರೆ ವರ್ಷಕ್ಕೆ ಹತ್ತಾರು ಪದ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ಎರಡು ಪದ ಸೇರಿಸುವುದು: "ಅಮ್ಮ ಬಾ", "ಹಾಲು ಬೇಡ". ಮೂರಕ್ಕೆ ಪುಟ್ಟ ವಾಕ್ಯ, ಮತ್ತು ಹೊರಗಿನವರಿಗೂ ಮುಕ್ಕಾಲು ಪಾಲು ಅರ್ಥವಾಗುವಷ್ಟು ಉಚ್ಚಾರ. ನಾಲ್ಕಕ್ಕೆ ಬಹುತೇಕ ಎಲ್ಲವೂ ಅರ್ಥವಾಗಬೇಕು.

ಇದು ಸರಾಸರಿ. ಹದಿನೈದು ದಿನ ಹಿಂದೆ ಮುಂದೆ ಆದರೆ ನಿದ್ದೆಗೆಡಬೇಕಿಲ್ಲ. ಸರ್ಕಾರಿ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಲಸಿಕೆಯ ಪುಟ ಬಿಟ್ಟರೆ ನಾವ್ಯಾರೂ ಅದನ್ನು ತಿರುವಿ ಹಾಕುವುದೇ ಇಲ್ಲ. ಯಾವ ತಿಂಗಳಿಗೆ ಮಗು ಏನು ಮಾಡಬೇಕು ಅನ್ನುವುದು ಚಿತ್ರದ ಸಮೇತ ಅದರಲ್ಲಿರುತ್ತದೆ.

ಪದ ಎಣಿಸುವುದಕ್ಕಿಂತ ಮುಖ್ಯವಾದ ಎರಡು ವಿಷಯ ಇವೆ. ಒಂದು, ಮಗುವಿಗೆ ನಮ್ಮ ಮಾತು ಅರ್ಥವಾಗುತ್ತಾ? ಕೈ ತೋರಿಸದೆ "ಚಪ್ಪಲಿ ತಗೊಂಡು ಬಾ" ಅಂದರೆ ತರುತ್ತಾ? ಎರಡು, ಬೆರಳು ತೋರಿಸುತ್ತಾ? ಆಕಾಶದಲ್ಲಿ ವಿಮಾನ ಕಂಡರೆ ಬೆರಳು ತೋರಿಸಿ, ನೀವು ನೋಡಿದಿರಾ ಅಂತ ನಿಮ್ಮ ಮುಖ ನೋಡುತ್ತಾ? ಮಾತಿಗೆ ಮುಂಚೆ ಬರುವ ಮಾತು ಇದೇ.

ಹಂತ 1: ಎದುರು ಕೂತು, ಸುಮ್ಮನಿರಿ

ಓದಲು ಸುಲಭ, ಮಾಡಲು ಕಷ್ಟ. ದಿನಕ್ಕೆ ಹತ್ತು ನಿಮಿಷ ಸಾಕು. ಟಿವಿ ಆಫ್, ಫೋನ್ ಬೇರೆ ಕೋಣೆಯಲ್ಲಿ. ನೆಲದ ಮೇಲೆ ಮಗುವಿನ ಎದುರು ಕೂರಿ. ನಿಮ್ಮ ಮುಖ, ಮಗುವಿನ ಮುಖ ಒಂದೇ ಎತ್ತರದಲ್ಲಿರಲಿ. ತೊಡೆ ಮೇಲೆ ಕೂರಿಸಿಕೊಂಡರೆ ಅದಕ್ಕೆ ನಿಮ್ಮ ಬಾಯಿ ಕಾಣಿಸುವುದಿಲ್ಲ.

ಅದು ಏನು ಮಾಡುತ್ತಿದೆಯೋ ಅದನ್ನೇ ನೀವೂ ಮಾಡಿ. ಕಾರನ್ನು ಓಡಿಸದೆ ಬರೀ ಚಕ್ರ ತಿರುಗಿಸುತ್ತಿದ್ದರೆ ನೀವೂ ಒಂದು ಚಕ್ರ ತಿರುಗಿಸಿ. "ಹಾಗಲ್ಲ, ಹೀಗೆ ಓಡಿಸ್ಬೇಕು" ಅನ್ನಬೇಡಿ. ಒಂದು ಮಾತು ಹೇಳಿ: "ತಿರುಗ್ತಾ ಇದೆ." ಆಮೇಲೆ ನಿಲ್ಲಿಸಿ. ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ.

ಎಣಿಸಿ ನೋಡಿ, ಹತ್ತು ಎಷ್ಟು ಉದ್ದ ಅಂತ ಗೊತ್ತಾಗುತ್ತದೆ. ಮೊದಲ ದಿನ ನನಗೆ ನಾಲ್ಕರ ಆಚೆ ದಾಟಲು ಆಗಲಿಲ್ಲ. ದೊಡ್ಡವರಿಗೆ ಮೌನ ಅಂದರೆ ಏನೋ ತಪ್ಪಾಗಿದೆ ಅನ್ನಿಸುತ್ತದೆ, ತಕ್ಷಣ ತುಂಬಿಸಿಬಿಡುತ್ತೇವೆ. ಆದರೆ ಪುಟ್ಟ ಮಗು ನಿಮ್ಮ ಮಾತು ಕೇಳಬೇಕು, ಅರ್ಥ ಮಾಡಿಕೊಳ್ಳಬೇಕು, ಪದ ಹುಡುಕಬೇಕು, ನಾಲಿಗೆ ತುಟಿ ಹೊಂದಿಸಬೇಕು. ಅದಕ್ಕೆ ಹೊತ್ತು ಬೇಕು. ನಾಲ್ಕನೆಯ ದಿನ ಏಳಕ್ಕೋ ಎಂಟಕ್ಕೋ ಬಂದಾಗ ನನ್ನ ಮಗ ಚಕ್ರದಿಂದ ಕಣ್ಣೆತ್ತಿ ನನ್ನನ್ನು ನೋಡಿ "ತಿಗ್" ಅಂದ. ತಿರುಗು ಅನ್ನುವುದರ ಅರ್ಧ ಅದು.

ಬಾಯಿಂದ ಏನೇ ಬಂದರೂ, ಬರೀ "ಊಂ" ಆದರೂ, ಅದು ಅವನ ಸರದಿ ಅಂತ ಲೆಕ್ಕ. ನೀವು ಉತ್ತರ ಕೊಡಿ, ಮತ್ತೆ ಕಾಯಿರಿ. ಕ್ಯಾಚ್ ಆಡಿದ ಹಾಗೆ, ಒಂದು ಸಲ ನೀವು, ಒಂದು ಸಲ ಅವನು.

ಒಂದು ವರ್ಷದೊಳಗಿನ ಮಗುವಿಗೂ ಇದೇ ಆಟ. ನಮ್ಮ ಅಜ್ಜಿಯರು ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಸ್ಪೀಚ್ ಕ್ಲಾಸ್ ಇಲ್ಲ. ಮುಖಕ್ಕೆ ಮುಖ, ರಾಗದ ಮಾತು, ಮಗು "ಆಗೂ" ಅಂದರೆ ಅಜ್ಜಿಯೂ "ಆಗೂ". ಎಳೆದು, ರಾಗವಾಗಿ, ಮುದ್ದಾಗಿ ಮಾತಾಡಿದರೆ ಮಗು ಹೆಚ್ಚು ಹೊತ್ತು ಕೇಳಿಸಿಕೊಳ್ಳುತ್ತದೆ. ನಾಚಿಕೆ ಬೇಡ.

ಹಂತ 2: ಪರೀಕ್ಷೆ ನಿಲ್ಲಿಸಿ

"ಇದೇನು? ಅದೇನು? ಅಂಕಲ್‌ಗೆ ಎಬಿಸಿಡಿ ಹೇಳು." ನೆಂಟರು ಬಂದಾಗ ನಮ್ಮ ಮನೆಗಳಲ್ಲಿ ನಡೆಯುವ ಈ ವೈವಾ ಇದೆಯಲ್ಲ, ನನಗೆ ಈಗ ಅದನ್ನು ಕಂಡರೆ ಸಿಟ್ಟು ಬರುತ್ತದೆ. ಉತ್ತರ ನಿಮಗೆ ಗೊತ್ತಿದೆ ಅಂತ ಮಗುವಿಗೂ ಗೊತ್ತು. ಅಂಥ ಪ್ರಶ್ನೆಯಲ್ಲಿ ಹರಟೆ ಇರುವುದಿಲ್ಲ, ಪಾಸು ಫೇಲು ಮಾತ್ರ ಇರುತ್ತದೆ.

ಒಂದು ಪ್ರಶ್ನೆ ಕೇಳಿದರೆ ಮೂರು ನಾಲ್ಕು ಮಾತು ಸುಮ್ನೆ ಹೇಳಿ. "ಇದೇನು?" ಅನ್ನುವ ಬದಲು "ಓ, ಇರುವೆ! ಸಾಲಾಗಿ ಹೋಗ್ತಾ ಇದೆ." "ಬಣ್ಣ ಯಾವುದು?" ಬದಲು "ನಿಂದು ಕೆಂಪು ಅಂಗಿ, ನಂದೂ ಕೆಂಪು." ನೀವು ಮಾಡುತ್ತಿರುವುದನ್ನು ಹೇಳಿ, ಮಗು ಮಾಡುತ್ತಿರುವುದನ್ನು ಹೇಳಿ. ಕ್ರಿಕೆಟ್ ಕಾಮೆಂಟರಿ ಥರ, ಆದರೆ ನಡುನಡುವೆ ಬಿಡುವು ಇರುವ ಹಳೇ ರೇಡಿಯೋ ಕಾಮೆಂಟರಿ.

ಯಾವ ಪದ ಮೊದಲು? ಬಣ್ಣ, ಪ್ರಾಣಿ, ಹಣ್ಣು ಅಂತ ಚಾರ್ಟ್ ತಂದು ಗೋಡೆಗೆ ಅಂಟಿಸುತ್ತೇವೆ. 26 ಇಂಗ್ಲಿಷ್ ಅಕ್ಷರ ಹೇಳುವ, ಆದರೆ "ನೀರು ಬೇಕು" ಅನ್ನಲು ಬರದ ಮಕ್ಕಳನ್ನು ಥೆರಪಿ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನು ಎಷ್ಟೋ ನೋಡಿದ್ದೇನೆ. ಮಗುವಿಗೆ ಕೆಲಸಕ್ಕೆ ಬರುವ ಪದಗಳು ಬೇರೆ: ಬಾ, ತಾ, ಕೊಡು, ಬೇಕು, ಬೇಡ, ಸಾಕು, ಇನ್ನೂ, ಎತ್ತು, ತೆಗಿ, ಆಯ್ತು, ಹೋಯ್ತು. ಬಹುತೇಕ ಒಂದೆರಡು ಅಕ್ಷರದವು, ಬಾಯಿಗೆ ಸುಲಭ. "ಜಿರಾಫೆ"ಗಿಂತ "ಸಾಕು" ಕಲಿತ ಮಗು ಊಟದ ಹೊತ್ತಿಗೆ ಕಡಿಮೆ ಅಳುತ್ತದೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕೊನೆಯ ಪದ ಮಗುವಿನ ಕಿವಿಯಲ್ಲಿ ಸುಲಭವಾಗಿ ನಿಲ್ಲುತ್ತದೆ. ಹಾಗಾಗಿ "ಬಾಗಿಲು ತೆಗಿ", "ಡಬ್ಬಿ ತೆಗಿ", "ಚಪ್ಪಲಿ ತೆಗಿ" ಅಂತ ಒಂದೇ ಕ್ರಿಯಾಪದವನ್ನು ಬೇರೆ ಬೇರೆ ಕಡೆ ಬಳಸಿ, ಕೊನೆಯ ಪದವನ್ನು ಸ್ವಲ್ಪ ಎಳೆದು ಹೇಳಿ.

ಹಂತ 3: ಸದ್ದಿನ ಪದಗಳಿಂದ ಶುರುಮಾಡಿ

ಇದು ನನಗೆ ಅತಿ ಇಷ್ಟವಾದ ಹಂತ. ಕನ್ನಡ ಕಲಿಯುವ ಮಗುವಿನ ಅದೃಷ್ಟ ಅಂತಲೇ ಹೇಳುತ್ತೇನೆ.

ಶಾಲೆಯಲ್ಲಿ ವ್ಯಾಕರಣದ ಮೇಷ್ಟ್ರು ಅನುಕರಣಾವ್ಯಯ ಅಂತ ಹೇಳಿಕೊಟ್ಟಿದ್ದು ನೆನಪಿದೆಯಾ? ಪಟಪಟ, ದಡದಡ, ಗಟಗಟ, ಚಟಚಟ, ಧಗಧಗ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದ ಆ ಪಟ್ಟಿಯೇ ಇಪ್ಪತ್ತು ವರ್ಷದ ಮೇಲೆ ನನ್ನ ಕೈ ಹಿಡಿಯಿತು. ಇವುಗಳಲ್ಲಿ ಒಂದೇ ತುಂಡು ಎರಡು ಸಲ ಬರುತ್ತದೆ. ಸದ್ದೂ ಅರ್ಥವೂ ಒಂದೇ. ಹೇಳುವಾಗ ಕೈ, ಮುಖ, ಮೈ ಎಲ್ಲ ಜೊತೆಗೂಡುತ್ತದೆ. ಮಾತು ತಡವಾದ ಮಗುವಿಗೆ ಇದಕ್ಕಿಂತ ಸುಲಭದ ಮೆಟ್ಟಿಲು ಬೇರೆ ಇಲ್ಲ.

ನೀರು ಕುಡಿಯುವಾಗ "ಗಟಗಟ". ಮಳೆ ಬಂದರೆ "ಚಟಪಟ". ಚೆಂಡು ಬಿದ್ದರೆ "ಧೊಪ್". ನಲ್ಲಿಯಿಂದ "ತೊಟ್... ತೊಟ್". ಪಟಾಕಿ "ಢಂ", ಆರಿಹೋದರೆ "ಟುಸ್". ಕುಕ್ಕರ್ ವಿಷಲ್ ಹೊಡೆದರೆ ಇಬ್ಬರೂ ಸೇರಿ "ಸುಯ್ಯ್". ಆಕಳು "ಅಂಬಾ", ಕಾಗೆ "ಕಾ ಕಾ".

ನಮ್ಮ ಮನೆಯಲ್ಲಿ ನಿಜವಾದ ಶುರುವಾತು ಆದದ್ದು ದೋಸೆಕಾವಲಿಯ ಮುಂದೆ. ಅವನನ್ನು ಒಲೆಯಿಂದ ದೂರ, ಅಡುಗೆಕಟ್ಟೆಯ ಆಚೆ ಕುರ್ಚಿಯಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿದ್ದೆ. ಕಾವಲಿಗೆ ನೀರು ಚಿಮುಕಿಸಿದಾಗ "ಚುಂಯ್" ಅನ್ನುತ್ತಿದ್ದೆ. ಹಿಟ್ಟು ಹೊಯ್ದು "ಸುತ್ತೀ ಸುತ್ತೀ ಸುತ್ತೀ". ಮಗುಚುವಾಗ "ಪಲ್ಟಿ!". ದಿನವೂ ಅದೇ ಮೂರು, ಅದೇ ರಾಗ, ಅದೇ ಕ್ರಮ. ಒಂದು ವಾರ ಆದಮೇಲೆ ಒಂದನ್ನು ಬಿಟ್ಟೆ. ಕೈಯಲ್ಲಿ ನೀರು ಹಿಡಿದು, ಕಾವಲಿಯ ಮೇಲೆ ಕೈ ನಿಲ್ಲಿಸಿ, ಹುಬ್ಬೇರಿಸಿ ಅವನನ್ನು ನೋಡಿದೆ. ಕೈಯಿಂದ ನೀರು ಸೋರಿ ಮೊಣಕೈಗೆ ಇಳಿಯಿತು. ಅವನು ಕಾಲು ಒದರಿದ. ಕಾವಲಿ ನೋಡಿದ, ನನ್ನನ್ನು ನೋಡಿದ. ಆಮೇಲೆ ತುಟಿ ಚೂಪು ಮಾಡಿ "ತೂಂ" ಅಂದ. ನಾನು ನೀರು ಹಾಕಿದೆ. ಕಾವಲಿ ಚುಂಯ್ ಅಂದಿತು. ಆ ದಿನ ಮನೆಯವರೆಲ್ಲ ಬೇಕಾದ್ದಕ್ಕಿಂತ ಜಾಸ್ತಿ ದೋಸೆ ತಿಂದರು.

ದಿನವೂ ಒಂದೇ ಥರ ಹೇಳಿ, ಆಮೇಲೆ ಒಂದು ಕಡೆ ಖಾಲಿ ಬಿಡಿ. ಇದಿಷ್ಟೇ ತಂತ್ರ. ಉಯ್ಯಾಲೆ ತೂಗುವಾಗ "ಒಂದು, ಎರಡು..." ಅಂದು ನಿಲ್ಲಿಸಿ. ಕಣ್ಣಾಮುಚ್ಚಾಲೆಯಲ್ಲಿ ಸೆರಗಿನ ಹಿಂದೆ ಅಡಗಿ, ಹೊರಬರುವ ಮೊದಲು ತಡಮಾಡಿ. ಅಜ್ಜಿ ಹೇಳುವ ಹಾಡಿನಲ್ಲಿ ಸಾಲಿನ ಕೊನೆಯ ಪದ ನುಂಗಿಬಿಡಿ. ಖಾಲಿ ಜಾಗ ತುಂಬುವುದು ಮಗುವಿಗೆ ಬಿಟ್ಟದ್ದು.

ಹಂತ 4: ಒಂದು ಹೆಜ್ಜೆ ಮುಂದೆ, ಒಂದೇ

ಮಗು ಒಂದು ಪದ ಹೇಳಿದರೆ ನೀವು ಎರಡು ಹೇಳಿ. ಎರಡು ಹೇಳಿದರೆ ಮೂರು. "ಹಾಲು" ಅಂದರೆ "ಬಿಸಿ ಹಾಲು", ಚೆಲ್ಲಿದರೆ "ಹಾಲು ಚೆಲ್ತು". "ನಾಯಿ ಬಂತು" ಅಂದರೆ "ಕರಿ ನಾಯಿ ಬಂತು". ಮತ್ತೆ ಹೇಳು ಅಂತ ಒತ್ತಾಯ ಬೇಡ. ಕಿವಿಗೆ ಬಿದ್ದರೆ ಸಾಕು.

ವಾಕ್ಯ ಪುಟ್ಟದಿರಲಿ, ಆದರೆ ಪೂರ್ತಿ ಇರಲಿ. "ಚೆಂಡು ಡಬ್ಬಿ ಹಾಕು" ಅಂತ ಕತ್ತರಿಸಿ ಹೇಳಬೇಡಿ, "ಚೆಂಡು ಡಬ್ಬಿಯಲ್ಲಿ ಹಾಕು" ಅನ್ನಿ. ಕನ್ನಡದ ಅರ್ಥವೆಲ್ಲ ಪದದ ಬಾಲದಲ್ಲಿರುತ್ತದೆ. ಡಬ್ಬಿಯಲ್ಲಿ, ಡಬ್ಬಿಯಿಂದ, ಡಬ್ಬಿಗೆ. ಬಂದ, ಬಂದಳು, ಬಂತು. ಬಾಲ ಕತ್ತರಿಸಿ ಕೊಟ್ಟರೆ ಮಗು ಬಾಲ ಕಲಿಯುವುದು ಎಲ್ಲಿಂದ? "ಇಲ್ಲ" ಅನ್ನುವುದೂ ನಮ್ಮಲ್ಲಿ ಒಂದಲ್ಲ: ಬೇಡ, ಇಲ್ಲ, ಅಲ್ಲ. ಬೇಡ ಮೊದಲು ಬರುತ್ತದೆ, ಕೇಳಬೇಕೇ! ಇಲ್ಲ ಮತ್ತು ಅಲ್ಲ ಕಲಿಸಲು ಖಾಲಿ ಡಬ್ಬಿ ಮತ್ತು ತಪ್ಪು ಚಪ್ಪಲಿ ಸಾಕು. ಡಬ್ಬಿ ತೆಗೆದು "ಬಿಸ್ಕತ್ ಇಲ್ಲ!" ಅನ್ನಿ. ಅಪ್ಪನ ಚಪ್ಪಲಿ ಅವನ ಕಾಲಿಗೆ ಹಾಕಿ "ನಿಂದಲ್ಲ, ಅಪ್ಪಂದು" ಅನ್ನಿ. ನನ್ನ ಮಗ ಇದಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದ.

ತಪ್ಪು ಹೇಳಿದರೆ ತಿದ್ದಬೇಡಿ, ಸರಿಯಾದದ್ದನ್ನು ಉತ್ತರದಲ್ಲಿ ಸೇರಿಸಿ ವಾಪಸ್ ಕೊಡಿ. "ಅಕ್ಕ ಬಂದ" ಅಂದರೆ "ಹೌದು, ಅಕ್ಕ ಬಂದಳು." ನಿಮ್ಮ ಊರಿನ ಕಡೆ "ಅಕ್ಕ ಬಂತು" ಅನ್ನುತ್ತಿದ್ದರೆ ಅದನ್ನೇ ಹೇಳಿ. ಧಾರವಾಡದ ಮನೆಯಲ್ಲಿ ಮಗು ಧಾರವಾಡದ ಕನ್ನಡ ಕಲಿಯಲಿ, ಮಂಗಳೂರಿನ ಮನೆಯಲ್ಲಿ ಮಂಗಳೂರಿನದ್ದು. ಪುಸ್ತಕದ ಕನ್ನಡ ಶಾಲೆಗೆ ಬಿಡಿ.

ಹಂತ 5: ಕೇಳುವ ಅಗತ್ಯ ಹುಟ್ಟಿಸಿ

ನಮ್ಮ ಕೂಡು ಮನೆಗಳಲ್ಲಿ ಮಗು ಬಾಯಿ ತೆರೆಯುವ ಮೊದಲೇ ನೀರು, ಬಿಸ್ಕತ್, ಆಟಿಕೆ ಎಲ್ಲ ಕೈಗೆ ಬಂದಿರುತ್ತದೆ. ಪ್ರೀತಿಯೇ, ಆದರೆ ಕೇಳುವ ಕೆಲಸವೇ ಉಳಿಯುವುದಿಲ್ಲ.

ಇಷ್ಟದ ಆಟಿಕೆಯನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ ಕೊಡಿ. "ತೆಗಿ" ಬೇಕಾಗುತ್ತದೆ. ದ್ರಾಕ್ಷಿ ಒಂದೊಂದೇ ಕೊಡಿ, ಉದ್ದುದ್ದ ಸೀಳಿ. ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಒಂದೊಂದೇ ಕೊಟ್ಟರೆ "ಇನ್ನೂ" ಬರುತ್ತದೆ. ಎರಡು ಕೈಯಲ್ಲಿ ಎರಡು ಹಿಡಿದು "ಬಾಳೆಹಣ್ಣಾ, ಚಪಾತಿನಾ?" ಅನ್ನಿ.

ಇಲ್ಲಿ ಒಂದು ಎಚ್ಚರಿಕೆ. ಹೇಳದಿದ್ದರೆ ಕೊಡುವುದೇ ಇಲ್ಲ ಅಂತ ಹಟ ಹಿಡಿಯಬೇಡಿ. ನಾನು ಆ ತಪ್ಪು ಮಾಡಿದ್ದೇನೆ. ಒಂದು ಸಂಜೆ "ನೀರು ಅನ್ನು, ನೀರು ಅನ್ನು" ಅಂತ ಲೋಟ ಹಿಡಿದು ನಿಂತೆ. ಅವನು ಅತ್ತು, ಕೊನೆಗೆ ಬಾತ್‌ರೂಮಿಗೆ ಹೋಗಿ ಬಕೆಟ್ ನೀರು ಕುಡಿಯಲು ನೋಡಿದ. ಅದಾದ ಮೇಲೆ ಎರಡು ದಿನ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಒಂದು ಸಲ ಹತ್ತರವರೆಗೆ ಎಣಿಸಿ. ನೋಟ, ಬೆರಳು, ಸದ್ದು ಏನು ಬಂದರೂ ಪದ ನೀವೇ ಹೇಳಿ, ಕೊಟ್ಟುಬಿಡಿ. ಬಾಯಾರಿದ ಮಗುವಿನ ಜೊತೆ ಪಾಠ ಬೇಡ.

ಹಂತ 6: ದಿನದ ಕೆಲಸಕ್ಕೇ ಕಟ್ಟಿಹಾಕಿ

"ಟೈಮ್ ಎಲ್ಲಿದೆ?" ಅಂತ ಕೇಳುವವರಿಗೆ: ಬೇರೆ ಟೈಮ್ ಬೇಡ. ಬಟ್ಟೆ ಮಡಚುವಾಗ ಯಾರದು ಅಂತ ಹಂಚಿಸಿ: ಅಪ್ಪಂದು, ಅಜ್ಜೀದು, ನಂದು. ಸ್ನಾನದಲ್ಲಿ ಬಿಸಿ, ತಣ್ಣಗೆ, ತಲೆಗೆ, ಬೆನ್ನಿಗೆ. ಸೊಪ್ಪಿನವಳು ಬಂದರೆ ಮಗುವಿನ ಕೈಗೆ ದುಡ್ಡು ಕೊಟ್ಟು "ತಗೋ" ಅನ್ನಿಸಿ. ಬಟಾಣಿ ಸುಲಿಯಲು ಕೂರಿಸಿ. ಮೂರು ನಾಲ್ಕು ವರ್ಷದ ಮಗುವಾದರೆ ರಾತ್ರಿ ಮಲಗುವಾಗ ಇವತ್ತು ಏನಾಯ್ತು ಅಂತ ಇಬ್ಬರೂ ಸೇರಿ ಹೇಳಿ, "ಮೊದಲು... ಆಮೇಲೆ...". ಕಥೆ ಹೇಳುವ ಶಕ್ತಿ ಇಲ್ಲಿಂದ ಬರುತ್ತದೆ. ಶಾಲೆಯಲ್ಲಿ ಓದು ಬರಹಕ್ಕೂ ಅದೇ ಆಧಾರ.

ಪುಸ್ತಕ ಓದುವಾಗ ಸಾಲು ಮುಗಿಸುವ ಅವಸರ ಬೇಡ. ಎರಡು ವರ್ಷದ ಮಗು ಒಂದೇ ಪುಟದಲ್ಲಿ ಹತ್ತು ನಿಮಿಷ ಕೂತರೂ ಓದಿದ್ದೇ ಲೆಕ್ಕ. ಒಂದೇ ಪುಸ್ತಕ ನೂರು ಸಲ ಕೇಳಿದರೆ ನೂರು ಸಲ ಓದಿ. ಮಕ್ಕಳು ಕಲಿಯುವುದೇ ಹಾಗೆ. ಕನ್ನಡ ಚಿತ್ರಪುಸ್ತಕ ಸಿಗದಿದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆದುಕೊಳ್ಳಬಹುದು. ನಮ್ಮ ಮನೆಯಲ್ಲಿ ಅತಿ ಹೆಚ್ಚು ಓಡಿದ ಪುಸ್ತಕ ಮಾತ್ರ ನಮ್ಮ ಮದುವೆ ಆಲ್ಬಂ. "ತಾತ ಎಲ್ಲಿ? ತಾತ ಲಾಡು ತಿಂತಿದಾರೆ."

ಮೊಬೈಲ್

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಕಾರಣ ಸರಳ. ಮೊಬೈಲ್ ಮಗುವಿನ "ಊಂ"ಗೆ ಕಾಯುವುದಿಲ್ಲ, ಉತ್ತರ ಕೊಡುವುದಿಲ್ಲ. ಊಟ ಮಾಡಿಸುವಾಗ ಮೊಬೈಲ್ ಇಡುವುದನ್ನು ಮೊದಲು ಬಿಡಿಸಿ. ದಿನಕ್ಕೆ ಮೂರು ಸಲ ಮುಖಾಮುಖಿ ಕೂರುವ ಹೊತ್ತು ಅದು. ಮೂರು ದಿನ ರಂಪ ಆಗುತ್ತದೆ, ಆಗಲಿ. ಊರಿನಲ್ಲಿರುವ ಅಜ್ಜಿಯ ವಿಡಿಯೋ ಕಾಲ್ ಈ ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿ ಕಾಯುತ್ತಾಳೆ.

ಮನೆಯಲ್ಲಿ ಯಾವ ಭಾಷೆ?

ಮಗನನ್ನು ಸೇರಿಸಿದ ನರ್ಸರಿಯಲ್ಲಿ ಟೀಚರ್ ಒಬ್ಬರು "ಮನೇಲಿ ಕನ್ನಡ ನಿಲ್ಲಿಸಿ, ಇಂಗ್ಲಿಷ್ ಮಾತ್ರ ಮಾತಾಡಿ, ಕನ್‌ಫ್ಯೂಸ್ ಆಗ್ತಿದಾನೆ" ಅಂದರು. ಎರಡು ತಿಂಗಳು ಕೇಳಿದೆವು ಕೂಡ. ನಮ್ಮ ಇಂಗ್ಲಿಷ್ "ಕಮ್ ಹಿಯರ್, ಸಿಟ್ ಡೌನ್, ಈಟ್" ದಾಟಲಿಲ್ಲ. ಅತ್ತೆ ಮಾತಾಡುವುದನ್ನೇ ಬಿಟ್ಟರು. ಮನೆ ಮೂಕವಾಯಿತು.

ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಮಾತು ತಡವಾದ ಮಗುವಿಗೂ ಒಂದು ಭಾಷೆ ಕಿತ್ತುಕೊಳ್ಳಬೇಕಿಲ್ಲ. ಪದ ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ ಎಣಿಸಬೇಕು. ಕರಾವಳಿಯಲ್ಲಿ ಮನೆಯಲ್ಲಿ ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಕನ್ನಡ ಅಂತ ಬೆಳೆದವರೆಷ್ಟಿಲ್ಲ! ಕೋಲಾರದಲ್ಲಿ ತೆಲುಗು, ಬೆಳಗಾವಿಯಲ್ಲಿ ಮರಾಠಿ, ಹಾಗೇ ಎಷ್ಟೋ ಮನೆಗಳಲ್ಲಿ ಉರ್ದು. ನಿಮಗೆ ಜೋಕು ಹೇಳಲು, ಬೈಯಲು, ಮುದ್ದು ಮಾಡಲು ಯಾವ ಭಾಷೆ ಸಲೀಸೋ ಅದರಲ್ಲಿ ಮಾತಾಡಿ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೂ ಇದೇ ಮಾತು. ಅಲ್ಲಿಯ ಭಾಷೆ ಶಾಲೆಯಲ್ಲಿ ತಾನಾಗಿ ಬರುತ್ತದೆ. ಕನ್ನಡ ಸಿಗುವುದು ನಿಮ್ಮ ಅಡುಗೆಮನೆಯಲ್ಲಿ ಮಾತ್ರ.

ಉಚ್ಚಾರ, ಉಗ್ಗು, ಬಜೆ

ಪ, ಬ, ಮ, ತ, ದ, ನ ಮೊದಲು ಬರುತ್ತವೆ. ರ, ಳ, ಣ, ಶ ಎಲ್ಲ ನಿಧಾನ. "ಕಾರು" ಹೋಗಿ "ಕಾಲು" ಆಗುತ್ತದೆ. "ಮರ" ಏನಾಗುತ್ತದೆ ಅಂತ ನಿಮಗೇ ಗೊತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಜೋರಾಗಿ ಎಣಿಸಿದಾಗ ಎಲ್ಲರೂ ತಿರುಗಿ ನೋಡಿದ್ದರು. ನಗಿ, ಆದರೆ ಅವನ ಮುದ್ದು ತಪ್ಪನ್ನು ನೀವೂ ಅನುಕರಿಸಬೇಡಿ. "ಹೌದು, ಮರ. ದೊಡ್ಡ ಮರ" ಅನ್ನಿ. ಮಮ್ಮು, ತಾಚಿ, ಚಾಮಿ ಅನ್ನುವ ಮಕ್ಕಳ ಪದಗಳು ಬೇರೆ. ಅವು ದೊಡ್ಡವರೇ ಮಾಡಿಟ್ಟ ಸುಲಭದ ಪದಗಳು, ಧಾರಾಳವಾಗಿ ಬಳಸಿ.

ಎರಡೂವರೆಯಿಂದ ನಾಲ್ಕರ ನಡುವೆ ಎಷ್ಟೋ ಮಕ್ಕಳು "ನಾನು ನಾನು ನಾನು..." ಅಂತ ತಡವರಿಸುತ್ತಾರೆ. ಹೇಳಲು ಇರುವುದು ಜಾಸ್ತಿ, ಬಾಯಿ ಇನ್ನೂ ಚಿಕ್ಕದು. "ನಿಧಾನವಾಗಿ ಹೇಳು" ಅನ್ನಬೇಡಿ, ಮಾತು ನೀವು ಮುಗಿಸಬೇಡಿ, ಅಣಕಿಸಲು ಯಾರಿಗೂ ಬಿಡಬೇಡಿ. ನೀವೇ ನಿಧಾನವಾಗಿ ಮಾತಾಡಿ. ಆರು ತಿಂಗಳಾದರೂ ಹೋಗದಿದ್ದರೆ, ಅಥವಾ ಮಾತು ಹೊರಡಲು ಮುಖ ಹಿಂಡುವುದು, ಕಣ್ಣು ಮುಚ್ಚುವುದು ಕಂಡರೆ ತೋರಿಸಿ.

ಬಜೆ ತೇದು ನಾಲಿಗೆಗೆ ಸವರಿದರೆ ಮಾತು ಚುರುಕಾಗುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿ. ನನ್ನ ಮಗನಿಗೂ ಸವರಿದ್ದರು. ಅದರಿಂದ ಮಾತು ಬಂದದ್ದನ್ನು ನಾನು ಕಾಣಲಿಲ್ಲ. ಜೇನಿನಲ್ಲಿ ತೇದು ಕೊಡುವುದಂತೂ ಒಂದು ವರ್ಷದೊಳಗೆ ಖಂಡಿತ ಬೇಡ. ಜೇನಿನಿಂದ ಎಳೆ ಮಕ್ಕಳಿಗೆ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. "ನಾಲಿಗೆ ಅಂಟಿದೆ, ಕತ್ತರಿಸಿದರೆ ಮಾತು ಬರುತ್ತೆ" ಅನ್ನುವವರೂ ಸಿಗುತ್ತಾರೆ. ನಾಲಿಗೆ ಅಂಟಿರುವುದರಿಂದ ಕೆಲವು ಅಕ್ಷರ ತೊಡರಬಹುದು, ಮಾತೇ ಬಾರದೆ ಇರುವುದಿಲ್ಲ. ಕತ್ತರಿಗೆ ಮೊದಲು ಥೆರಪಿಸ್ಟ್ ಅಭಿಪ್ರಾಯ ಕೇಳಿ.

ಯಾವಾಗ ಕಾಯಬಾರದು

ಒಂದು ವರ್ಷಕ್ಕೆ ಬಬಬ ಇಲ್ಲ, ಬೆರಳು ತೋರಿಸುವುದಿಲ್ಲ, ಟಾಟಾ ಮಾಡುವುದಿಲ್ಲ. 16 ತಿಂಗಳಿಗೆ ಒಂದೂ ಪದ ಇಲ್ಲ. ಎರಡು ವರ್ಷಕ್ಕೆ ಎರಡು ಪದ ಸೇರಿಸುವುದಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಮತ್ತು ಯಾವ ವಯಸ್ಸಿನಲ್ಲೇ ಆಗಲಿ, ಇದ್ದ ಮಾತು ಹೋಗಿಬಿಟ್ಟಿದೆ. ಇವುಗಳಲ್ಲಿ ಒಂದಿದ್ದರೂ "ಮೂರು ವರ್ಷ ಆಗ್ಲಿ ನೋಡೋಣ" ಅನ್ನಬೇಡಿ. ತೋರಿಸಿ ಏನೂ ಇಲ್ಲ ಅಂದರೆ ಒಂದು ದಿನದ ರಜೆ ಹೋಗುತ್ತದೆ, ಅಷ್ಟೆ.

ಎಲ್ಲಿ ತೋರಿಸುವುದು? ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡ ಬರಬೇಕು. 2013ರಲ್ಲಿ ಶುರುವಾದ ಈ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿಯ ತೊಂದರೆ, ಮಾತಿನ ತಡ ಎರಡೂ ಇವೆ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಮಕ್ಕಳ ಇಂಥ ತೊಂದರೆಗಳಿಗೆ ಬೇಗ ಚಿಕಿತ್ಸೆ ಶುರುಮಾಡುವ ಕಡೆಗೆ, ಬರೆದುಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲರೂ ಆಯಿಷ್ ಅನ್ನುತ್ತಾರೆ. 1960ರ ದಶಕದಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ, ಬೇರೆ ರಾಜ್ಯಗಳಿಂದಲೂ ಅಲ್ಲಿಗೆ ಬರುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲೂ ಈ ವಿಭಾಗ ಇದೆ. ಖಾಸಗಿ ಥೆರಪಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ. ಥೆರಪಿ ಕೋಣೆಯ ಬಾಗಿಲು ಹಾಕಿ ನಿಮ್ಮನ್ನು ಹೊರಗೆ ಕೂರಿಸುವ ಕಡೆ ನನಗೆ ನಂಬಿಕೆ ಇಲ್ಲ. ವಾರಕ್ಕೆ ಒಂದೆರಡು ಗಂಟೆ ಅವರದ್ದು, ಉಳಿದದ್ದೆಲ್ಲ ನಿಮ್ಮದು. ಅವರು ಏನು ಮಾಡುತ್ತಾರೆ ಅಂತ ನೀವು ನೋಡಲೇಬೇಕು.

ಹೋಗುವಾಗ ಎರಡು ವಸ್ತು ಒಯ್ಯಿರಿ. ಒಂದು, ಮನೆಯಲ್ಲಿ ಮಗು ತನ್ನಷ್ಟಕ್ಕೆ ಆಡುತ್ತಿರುವ ಎರಡು ನಿಮಿಷದ ವಿಡಿಯೋ, ಏಕೆಂದರೆ ಆಸ್ಪತ್ರೆಯಲ್ಲಿ ಅದು ಬಾಯಿ ಬಿಡುವುದಿಲ್ಲ. ಇನ್ನೊಂದು, ಪದಗಳ ಪಟ್ಟಿ. ನಾನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದೆ, ತಾರೀಖು ಹಾಕಿ, ಅವನು ಹೇಳಿದ ಹಾಗೆಯೇ. ಪ್ರತಿ ಸಲ ಅದೇ ಅರ್ಥದಲ್ಲಿ ಹೇಳುತ್ತಿದ್ದರೆ ಅರ್ಧ ಪದವೂ ಪದವೇ, ಸದ್ದೂ ಪದವೇ. ಆ ಪಟ್ಟಿಯ ಆರನೆಯದು "ತಿಗ್", ಏಳನೆಯದು "ತೂಂ".